ತಟ್ಟೆಯಲ್ಲಿ ಒಂದೆಲೆಯೂ ಇರಲಿಲ್ಲ

ಊರ ಹಿರಿಯ ಎರ್ರಪ್ಪ ಹರಿವಾಣವನ್ನು ಜಗಲಿಯ ಮೇಲಿಟ್ಟ. ಅದರಲ್ಲಿ ವೀಳ್ಯದೆಲೆ, ಅಡಿಕೆ, ಒಂದು ಚಿಪ್ಪು ಬಾಳೆಹಣ್ಣು, ತೆಂಗಿನಕಾಯಿ ಇದ್ದವು. ಅವನ ಹಿಂದೆ ಮೆಟ್ಟಿಲ ಕೆಳಗೆ ವೆಂಕಟರವಣಪ್ಪ ಹೆಗಲ ಟವಲನ್ನು ಕೈಗೆ ಸುತ್ತಿಕೊಂಡು ನಿಂತಿದ್ದ. ರಾಗಿ ಕೇರುತ್ತಿದ್ದ ಓಬಳಮ್ಮ ಮೊರವನ್ನು ಕೆಳಗಿಡಲಿಲ್ಲ.

“ಮನೆ ಬಾಗಿಲಿಗೆ ಬಂದಿದ್ದೀವಿ ಓಬಳಮ್ಮ. ಕೂತ್ಕೊಳ್ಳಿ ಅನ್ನಮ್ಮ,” ಅಂದ ಎರ್ರಪ್ಪ.

“ನೀನು ಕೂತ್ಕೋ ಮಾವ, ನೀನು ಹಿರಿಯ. ಅವನು ನಿಂತಿರ್ಲಿ. ನನ್ ಮಗನ್ನ ಕಟಕಟೇಲಿ ನಿಲ್ಸಿದ್ನಲ್ಲ, ಕಾಲು ನೋವು ಅಂದ್ರೆ ಏನೂಂತ ಅವನಿಗೂ ಒಸಿ ಗೊತ್ತಾಗ್ಲಿ.”

ವೆಂಕಟರವಣಪ್ಪ ಏನೋ ಹೇಳಲು ಬಾಯಿ ತೆರೆದ. ಎರ್ರಪ್ಪ ಕೈಯೆತ್ತಿ ತಡೆದ.

ಅವರು ಬಂದ ಕಾರಣ ಓಬಳಮ್ಮನಿಗೆ ಹೇಳದೆಯೇ ಗೊತ್ತಿತ್ತು. ಅವಳ ಮಗ ಗಂಗಾಧರನ ಮೇಲೆ ಇದೇ ವೆಂಕಟರವಣಪ್ಪ ಕೊಲೆ ಯತ್ನದ ಕೇಸು ಹಾಕಿಸಿದ್ದ. ಕೇಸು ಚಿಕ್ಕಬಳ್ಳಾಪುರದ ನ್ಯಾಯಾಲಯದಲ್ಲಿ ಬಿದ್ದುಹೋಯಿತು, ಗಂಗಾಧರ ನಿರ್ದೋಷಿ ಎಂದು ತೀರ್ಪಾಯಿತು. ಊರು ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡಿತು. ಓಬಳಮ್ಮ ಅಂದುಕೊಳ್ಳಲಿಲ್ಲ. ಸುಳ್ಳೆಂದು ಗೊತ್ತಿದ್ದೇ ದೂರು ಕೊಟ್ಟವನ ಮೇಲೆ, ಪ್ರಮಾಣ ಮಾಡಿ ಸುಳ್ಳು ಸಾಕ್ಷಿ ಹೇಳಿದವನ ಮೇಲೆ ಕೇಸು ನಡೆಸಬೇಕೆಂದು ಅದೇ ನ್ಯಾಯಾಧೀಶರ ಮುಂದೆ ಮಗನಿಂದ ಅರ್ಜಿ ಹಾಕಿಸಿದಳು. ಅದರ ವಿಚಾರಣೆ ಹತ್ತಿರ ಬಂದಿತ್ತು. ಕೊಲೆ ಯತ್ನದಂಥ ದೊಡ್ಡ ಆರೋಪವನ್ನು ಸುಳ್ಳಾಗಿ ಹೊರಿಸಿದರೆ ಏಳು ವರ್ಷದವರೆಗೂ ಜೈಲಾಗಬಹುದೆಂದು ಮಗನ ವಕೀಲೆ ಹರಿತಾ ಹೇಳಿದ್ದು ಹೇಗೋ ಊರಿನ ಕಿವಿಗೂ ಬಿದ್ದಿತ್ತು.

“ಗಂಗಾಧರ ‘ನನಗೆ ಈ ಅರ್ಜಿ ಬೇಡ ಸ್ವಾಮೀ’ ಅಂದ್ರೆ ಸಾಕು,” ಎಂದ ಎರ್ರಪ್ಪ. “ಇವನು ನಿಮ್ಮ ಸೊಪ್ಪಿನ ತೋಟದಲ್ಲಿ ದಾರಿ ಕೇಳೋದನ್ನ ಬಿಟ್ಬಿಡ್ತಾನೆ. ಅಕ್ಕಪಕ್ಕದ ಹೊಲದೋರು. ಒಬ್ಬರ ಮುಖ ಒಬ್ಬರು ನೋಡ್ದಂಗೆ ಎಷ್ಟು ದಿವ್ಸ ಇರ್ತೀರಿ?”

“ನಾನು ಅವನ ಮುಖ ನೋಡ್ತಾನೇ ಇದ್ದೀನಲ್ಲ ಮಾವ. ನೆಲ ನೋಡ್ತಿರೋನು ಅವನು.”

ವೆಂಕಟರವಣಪ್ಪ ತಡೆಯಲಾರದೆ ಅಂದ: “ಅಕ್ಕಾ, ನಾನೇನು ಕೊಲೆ ಮಾಡಿದ್ನಾ?”

ಓಬಳಮ್ಮ ಮೊರವನ್ನು ಕೆಳಗಿಟ್ಟಳು. “ಗೋಡೆ ಮೇಲೆ ಹಾರ ಹಾಕಿರೋ ಪಟ ಕಾಣಿಸ್ತದಾ ಅಲ್ಲಿಂದ? ಬಗ್ಗಿ ನೋಡು.”

ಪಟದಲ್ಲಿದ್ದವನು ಅವಳ ಗಂಡ ನರಸಪ್ಪ.

ಶಿಡ್ಲಘಟ್ಟದ ಕಡೆಯ ಆ ಊರಿನಲ್ಲಿ ಹಿಪ್ಪುನೇರಳೆ ಸೊಪ್ಪು ಬೆಳೆದು ರೇಷ್ಮೆ ಹುಳ ಸಾಕದ ಮನೆ ಅಪರೂಪ. ಸಾಕುವವರಲ್ಲೆಲ್ಲ ವೆಂಕಟರವಣಪ್ಪನಿಗೆ ಹೆಸರಿತ್ತು. ಅವನ ಗೂಡು ಮಾರುಕಟ್ಟೆಗೆ ಬಂದರೆ ನೂಲು ತೆಗೆಯುವವರು ಮುಗಿಬೀಳುತ್ತಿದ್ದರು. ಅವನ ಹುಳದ ಮನೆಯಲ್ಲಿ ರೋಗವೆಂಬ ಮಾತೇ ಇಲ್ಲ ಎಂದು ಅವನೇ ಹೇಳುತ್ತಿದ್ದ, ಬೇರೆಯವರೂ ಹೇಳುತ್ತಿದ್ದರು. ಯಾರ ಹುಳವಾದರೂ ಕೆಟ್ಟರೆ ಅವನು ಬಾಗಿಲಲ್ಲಿ ನಿಂತು ಮೂಸಿ ನೋಡಿ, “ತೊಳೆಯೋಕೆ ಸೋಮಾರಿತನ ನಿಮಗೆ,” ಎಂದು ನಾಲ್ಕು ಜನರ ಮುಂದೆ ಅಂದುಬಿಡುತ್ತಿದ್ದ. ಓಬಳಮ್ಮನೂ ಒಂದು ಸಲ ಆ ಮಾತು ತಿಂದಿದ್ದಳು.

ಅಂಥವನ ಹುಳ ಒಂದು ಬೇಸಿಗೆಯಲ್ಲಿ ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಅನ್ನುವಾಗ ಪೂರ್ತಿ ಸತ್ತವು. ಬಾಡಿ, ಮೆತ್ತಗಾಗಿ, ನಾರುತ್ತ ಸತ್ತವು. ಸಪ್ಪೆ ರೋಗ ಕಂಡ ಯಾರಿಗೇ ಆಗಲಿ ಆ ವಾಸನೆ ಹೇಳಿಕೊಡಬೇಕಾಗಿಲ್ಲ. ಹಿಂದಿನ ಬೆಳೆ ತೆಗೆದ ಮೇಲೆ ಅವನು ತಂಗಿಯ ಮಗಳ ಮದುವೆಯ ಓಡಾಟದಲ್ಲಿ ಹುಳದ ಮನೆಯನ್ನು ಸರಿಯಾಗಿ ತೊಳೆಸಿರಲಿಲ್ಲ, ಔಷಧಿ ಹೊಡೆಸಿರಲಿಲ್ಲ. ಆದರೆ ಅದನ್ನು ಒಪ್ಪಿಕೊಳ್ಳುವುದಕ್ಕಿಂತ ಅವನಿಗೆ ಇನ್ನೊಂದು ದಾರಿ ಸುಲಭವಾಗಿ ಕಂಡಿತು. ಅದಕ್ಕೂ ಕೆಲವು ದಿನ ಮುಂಚೆ ಒಂದು ಬೆಳಿಗ್ಗೆ ಗಂಗಾಧರನಿಗೂ ಅವನಿಗೂ ತೋಟದ ದಾರಿಗಾಗಿ ಜಗಳವಾಗಿತ್ತು, ಬಾಯಿಮಾತಿನ ಜಗಳ. ಊರವರು ನೋಡಿದ್ದರು. ಆವತ್ತೇ ಮಧ್ಯಾಹ್ನ ಗಂಗಾಧರ ನೆಂಟರ ಮದುವೆಗೆಂದು ಗೌರಿಬಿದನೂರಿನ ಆಚೆ ನಗರಗೆರೆಗೆ ಹೋದವನು ವಾರ ಕಳೆದೇ ಬಂದದ್ದು. ಹಾಗಾಗಿ ವೆಂಕಟರವಣಪ್ಪನಿಗೆ ಹೇಳಿಕೊಳ್ಳಲು ಇದ್ದದ್ದು ಆ ಒಂದು ದಿನವೇ. ಗಂಗಾಧರ ಹುಳದ ಮನೆಗೆ ನುಗ್ಗಿ ಹುಳ ಬಿಟ್ಟ ತಟ್ಟೆಗಳಲ್ಲಿದ್ದ ಸೊಪ್ಪಿನ ಮೇಲೆ ವಿಷ ಚಿಮುಕಿಸಿದ, ತಡೆಯಲು ಹೋದಾಗ ಕುಡುಗೋಲು ಬೀಸಿ ಕೊಲ್ಲಲು ಬಂದ, ಸೊಪ್ಪು ತಿಂದ ಹುಳ ಆವತ್ತಿನಿಂದಲೇ ಸಾಯತೊಡಗಿದವು ಎಂದು ದೂರು ಬರೆಸಿದ. ಅವನ ದಾಯಾದಿಯೊಬ್ಬ ಹೂಂ ಎಂದು ಸಾಕ್ಷಿಯಾದ.

ಗಂಗಾಧರ ಜೈಲು ಸೇರಿದ. ಜಾಮೀನು ಅರ್ಜಿ ಒಂದು ಸಲ ವಜಾ ಆಯಿತು, ಇನ್ನೊಂದು ಸಲವೂ ವಜಾ ಆಯಿತು. ನರಸಪ್ಪ ಪ್ರತಿ ಹುಣ್ಣಿಮೆಗೂ ಕೈವಾರಕ್ಕೆ ಹೋಗಿ ಅಲ್ಲಿನ ಯೋಗಿ ತಾತಯ್ಯನ ಸನ್ನಿಧಿಯಲ್ಲಿ ತಂಬೂರಿ ಹಿಡಿದು ಕೂರುತ್ತಿದ್ದವನು. ಮಗ ಜೈಲಿಗೆ ಹೋದ ಮೇಲೆ ತಂಬೂರಿ ಮುಟ್ಟಲಿಲ್ಲ. ಒಂದು ಬೆಳಿಗ್ಗೆ ಸೊಪ್ಪು ಕೊಯ್ಯಲು ಹೋದವನು ಕೊಯ್ದ ಸೊಪ್ಪಿನ ಹೊರೆಯ ಮೇಲೆಯೇ ಒರಗಿಕೊಂಡಿದ್ದ. ಕೈಯಲ್ಲಿ ಒಂದು ರೆಂಬೆ ಹಾಗೆಯೇ ಇತ್ತು.

ಅಪ್ಪನ ಮಣ್ಣಿಗೆ ಮಗನನ್ನು ಕಳಿಸಿಕೊಡಿ ಎಂದು ಜೈಲಿಗೆ ಕಾಗದ ಓಡಾಡುವ ಹೊತ್ತಿಗೆ ಬಿಸಿಲು ನೆತ್ತಿಗೇರಿತು. “ಇನ್ನು ಇಡೋಕಾಗಲ್ಲಮ್ಮ,” ಎಂದು ಎರ್ರಪ್ಪನೇ ಅವಸರ ಮಾಡಿದ್ದ. ನರಸಪ್ಪನ ಬಾಯಿಗೆ ತುಳಸಿ ನೀರು ಬಿಟ್ಟದ್ದು ಅವನ ತಮ್ಮನ ಮಗ. ಸೊಪ್ಪಿನ ತೋಟದ ಅಂಚಿನಲ್ಲಿ ಮಣ್ಣು ಮಾಡಿದರು. ಮಾರನೆಯ ದಿನ ಗಂಗಾಧರ ಪೊಲೀಸ್ ಜೀಪಿನಲ್ಲಿ ಬಂದು, ಇಬ್ಬರ ನಡುವೆ ನಿಂತು, ಒಣಗಿದ ಮಣ್ಣಿನ ಮೇಲೆ ಒಂದು ಹಿಡಿ ಮಣ್ಣು ಹಾಕಿ ಹೋದ. ಆವತ್ತು ಓಬಳಮ್ಮ ತುಳಸಿ ನೀರಿನ ಆ ಚೊಂಬನ್ನು ತೊಳೆದು ದೇವರ ಗೂಡಿನಲ್ಲಿ ಬೋರಲು ಹಾಕಿದಳು. ಸುಳ್ಳು ಹೇಳಿದವನು ನನ್ನ ಮಗ ನಿಂತ ಜಾಗದಲ್ಲಿ ನಿಲ್ಲುವವರೆಗೂ ಅದನ್ನು ಎತ್ತುವುದಿಲ್ಲ ಎಂದು ತಾತಯ್ಯನ ಪಟದ ಮುಂದೆ ಹೇಳಿಕೊಂಡಳು. ಆಮೇಲೆ ಜಾಮೀನು ಸಿಕ್ಕಿದಾಗ ವೆಂಕಟರವಣಪ್ಪನ ಮಾತಿಗೆ ಅಂಜಿ ಊರಿನಲ್ಲಿ ಒಬ್ಬನೂ ಹೊಣೆ ನಿಲ್ಲಲು ಬರಲಿಲ್ಲ. ಚಿಂತಾಮಣಿಯಿಂದ ಅವಳ ಅಣ್ಣ ಪಹಣಿ ಹಿಡಿದುಕೊಂಡು ಬರಬೇಕಾಯಿತು. ಮಗ ಇನ್ನೂ ಜೈಲಿನಲ್ಲಿದ್ದಾಗ ಓಬಳಮ್ಮನ ಹುಳ ಹಣ್ಣಾದಾಗಲೂ ಹಾಗೆಯೇ ಆಗಿತ್ತು. ಹಣ್ಣಾದ ಹುಳ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ಬೀದಿಯವರೆಲ್ಲ ಒಬ್ಬರ ಮನೆಗೆ ಒಬ್ಬರು ಹೋಗುವುದು ಅಲ್ಲಿನ ಪದ್ಧತಿ, ಕರೆಯುವುದೂ ಬೇಡ. ಆ ಸಲ ಯಾರೂ ಬರಲಿಲ್ಲ. ಒಂಟಿ ಕೈಯಲ್ಲಿ ಆರಿಸುವಷ್ಟರಲ್ಲಿ ಅರ್ಧ ಹುಳ ತಟ್ಟೆಯಲ್ಲೇ ಗೂಡು ಕಟ್ಟಿಕೊಂಡವು.

ಕೇಸು ಬಿದ್ದದ್ದು ವೆಂಕಟರವಣಪ್ಪನ ಬಾಯಿಂದಲೇ. ಸತ್ತ ಹುಳದಲ್ಲಿ ವಿಷ ಸಿಗಲಿಲ್ಲವೆಂದು ಪ್ರಯೋಗಾಲಯದ ವರದಿ ಬಂದಿತ್ತು. ಆದರೂ ಅವನು ಕಣ್ಣಾರೆ ಕಂಡೆ ಎಂಬ ಮಾತಿಗೆ ಅಂಟಿಕೊಂಡು ನಿಂತಿದ್ದ. ಹರಿತಾ ಶಿಡ್ಲಘಟ್ಟದ ಹುಡುಗಿ, ಹುಳದ ಮನೆಯಲ್ಲೇ ಆಡಿ ಬೆಳೆದವಳು. ಪಾಟೀ ಸವಾಲಿಗೆ ನಿಂತ ಅವಳು ಕುಡುಗೋಲಿನ ಸುದ್ದಿಗೇ ಹೋಗಲಿಲ್ಲ.

“ನಿಮಗೆ ಹುಳ ಸಾಕೋದು ಅಷ್ಟಾಗಿ ಗೊತ್ತಿಲ್ಲ ಅಲ್ವಾ?” ಎಂದು ಕೇಳಿದಳು.

ವೆಂಕಟರವಣಪ್ಪನ ಮುಖ ಕೆಂಪಾಯಿತು. “ಯಾರಮ್ಮ ಹಂಗಂದೋರು?”

“ಜ್ವರಕ್ಕೆ ಕೂತ ಹುಳಕ್ಕೂ ಸೊಪ್ಪು ಹಾಕ್ತೀರಂತೆ. ಅದರಿಂದಲೇ ಕೆಟ್ಟವು ಅಂತಾರೆ.”

ಹುಳ ಪೊರೆ ಬಿಡುವ ಹೊತ್ತನ್ನು ಅಲ್ಲಿಯವರು ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳ ತಲೆಯೆತ್ತಿ ನಿಶ್ಚಲವಾಗಿರುತ್ತದೆ, ಏನೂ ತಿನ್ನುವುದಿಲ್ಲ. ಆಗ ಸೊಪ್ಪು ಹಾಕುವವನನ್ನು ಕಂಡರೆ ಅಡಿಗೆಮನೆಯ ಹೆಂಗಸರೂ ನಗುತ್ತಾರೆ. ವೆಂಕಟರವಣಪ್ಪ ಇಡೀ ನ್ಯಾಯಾಲಯಕ್ಕೆ ಕೇಳುವಂತೆ ಕೂಗಿದ:

“ನಾನೇನು ಮೊನ್ನೆ ಹುಳ ತಂದೋನಾ? ಆವತ್ತು ನಾಲ್ಕನೇ ಜ್ವರಕ್ಕೆ ಕೂತಿದ್ವು. ಹಿಂದಿನ ದಿನಾನೇ ಸೊಪ್ಪು ನಿಲ್ಸಿದ್ದೆ. ಬೆಳಿಗ್ಗೆ ನನ್ ಕೈಯಾರೆ ಸುಣ್ಣ ಉದುರಿಸಿದ್ದೆ. ತಟ್ಟೇಲಿ ಒಂದೆಲೆ ಇರ್ಲಿಲ್ಲ, ಒಂದೆಲೆ!”

ನ್ಯಾಯಾಧೀಶರು ಲೇಖನಿ ಕೆಳಗಿಟ್ಟು, “ಹಾಗಾದ್ರೆ ವಿಷ ಯಾವ ಸೊಪ್ಪಿನ ಮೇಲೆ ಹಾಕಿದ್ನಪ್ಪ?” ಎಂದು ಕೇಳಿದರು.

ಇದೆಲ್ಲ ಜಗಲಿಯ ಮೇಲೆ ಕೂತ ಎರ್ರಪ್ಪನಿಗೂ ಗೊತ್ತಿದ್ದದ್ದೇ. ಅವನು ಕೊನೆಯ ಅಸ್ತ್ರ ತೆಗೆದ.

“ತಾತಯ್ಯನ ಮುಂದೆ ತಪ್ಪು ಒಪ್ಪಿಕೊಳ್ತಾನಂತೆ. ಬರೋ ಹುಣ್ಣಿಮೆಗೆ ಕೈವಾರಕ್ಕೆ ಹೋಗಣ. ನೀನು ದೈವಭಕ್ತಳು. ಅದಕ್ಕಿಂತ ದೊಡ್ಡ ಕೋರ್ಟು ಯಾವುದಮ್ಮ?”

ಒಳಗಿನಿಂದ ಗಂಗಾಧರ ಬಾಗಿಲಿಗೆ ಬಂದು ನಿಂತ. ಜೈಲಿನಿಂದ ಬಂದ ಮೇಲೆ ಅವನ ಮಾತು ಕಡಿಮೆಯಾಗಿತ್ತು. “ಒಪ್ಕೊಂಡ್ಬಿಡಮ್ಮ. ನನಗೆ ಆ ಕಟ್ಟಡ ಇನ್ನೊಂದ್ಸಲ ನೋಡೋಕೆ ಇಷ್ಟ ಇಲ್ಲ,” ಅಂದ.

ಓಬಳಮ್ಮ ಮಗನ ಮುಖವನ್ನು ನೋಡಿದಳು. ಆಮೇಲೆ ವೆಂಕಟರವಣಪ್ಪನ ಕಡೆ ತಿರುಗಿದಳು.

“ಬರ್ತೀನಿ. ತಾತಯ್ಯನ ಮುಂದೆ ನಾನು ಕೇಳಿದ ಒಂದು ಮಾತು ನೀನು ಹೇಳಿದ್ರೆ ಅರ್ಜಿ ವಾಪಸ್ಸು. ಹರಿವಾಣ ಎತ್ಕೊಂಡ್ಹೋಗು ಮಾವ. ಇನ್ನೂ ಏನೂ ಆಗಿಲ್ಲ.”

ಹುಣ್ಣಿಮೆಯ ದಿನ ಕೈವಾರದಲ್ಲಿ ಜನ ತುಂಬಿದ್ದರು. ಇವರ ಊರಿನವರೂ ಸಾಕಷ್ಟು ಮಂದಿ ಬಂದಿದ್ದರು, ಹೆಚ್ಚಿನವರು ಹುಳ ಸಾಕುವವರೇ. ವೆಂಕಟರವಣಪ್ಪನ ಹೆಂಡತಿ ಅಮ್ಮಾಜಮ್ಮ ಹೂವಿನ ಬುಟ್ಟಿ ಹಿಡಿದು ಹಿಂದೆ ನಿಂತಿದ್ದಳು. ಭಜನೆ ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ ಎರ್ರಪ್ಪ ಎಲ್ಲರನ್ನೂ ಪಕ್ಕಕ್ಕೆ ಕರೆದು ನಿಲ್ಲಿಸಿದ.

ವೆಂಕಟರವಣಪ್ಪ ಕೈಮುಗಿದು, “ತಪ್ಪಾಯ್ತು ತಾತಯ್ಯಾ,” ಅಂದ.

“ಏನು ತಪ್ಪಾಯ್ತು?” ಎಂದಳು ಓಬಳಮ್ಮ.

“ಅದೇ ಅಕ್ಕಾ. ಏನೋ ಆಗಿದ್ದು ಆಗ್ಹೋಯ್ತು.”

“ಆಗ್ಹೋಗೋಕೆ ಅದೇನು ಮಳೆಯಾ? ನೀನು ಮಾಡಿದ್ದು. ಏನು ಮಾಡ್ದೆ?”

“ನನಗೆ ಹಂಗೆ ಕಾಣಿಸ್ತು...”

“ಕಾಣಿಸ್ತಾ! ನನ್ ಮಗನ ಕೈಯಲ್ಲಿ ಕುಡುಗೋಲು ಕಾಣಿಸ್ತು, ವಿಷ ಕಾಣಿಸ್ತು. ನಿನ್ ತಟ್ಟೇಲಿ ಹುಳ ನಾರ್ತಿದ್ದಿದ್ದು ಮಾತ್ರ ಮೂಗಿಗೆ ಬಡೀಲಿಲ್ವಾ?”

ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಎರ್ರಪ್ಪ, “ಅಮ್ಮಾ, ಸನ್ನಿಧಿ,” ಎಂದ.

“ಸನ್ನಿಧಿ ಅಂತಾನೇ ಕೇಳ್ತಿದ್ದೀನಿ. ವೆಂಕಟರವಣಪ್ಪ, ಒಂದೇ ಮಾತು. ನಿನ್ ಹುಳ ಯಾಕೆ ಸತ್ವು? ‘ನನ್ ಹುಳದ ಮನೇಲಿ ಸಪ್ಪೆ ರೋಗ ಬಿತ್ತು, ನಾನು ತೊಳೆಸಿರ್ಲಿಲ್ಲ, ಅದಕ್ಕೆ ಸತ್ವು’ ಅನ್ನು. ಅಷ್ಟು ಸಾಕು. ಅರ್ಜಿ ನಾಳೇನೇ ವಾಪಸ್ಸು. ನನ್ ಗಂಡನ ಆಣೆ.”

ಗಂಗಾಧರ ಬೆಚ್ಚಿ ತಾಯಿಯ ಕಡೆ ನೋಡಿದ. ಆ ಹೆಸರಿನ ಆಣೆ ಅವಳು ಎಂದೂ ಇಟ್ಟವಳಲ್ಲ.

“ಹೇಳೋ ಮಾರಾಯ, ಹೇಳ್ಬಿಡೋ,” ಎಂದು ಎರ್ರಪ್ಪ ಭುಜ ತಟ್ಟಿದ. ಅಮ್ಮಾಜಮ್ಮ ಹಿಂದಿನಿಂದ ತೆಲುಗಿನಲ್ಲಿ, “ಚೆಪ್ಪಯ್ಯಾ, ನೀಕು ದಂಡಂ,” ಹೇಳಯ್ಯಾ ನಿನಗೆ ಕೈಮುಗೀತೀನಿ, ಎಂದು ಬೇಡಿಕೊಂಡಳು. ವೆಂಕಟರವಣಪ್ಪ ಸುತ್ತ ನೋಡಿದ. ಯಾರ ಯಾರ ಹುಳದ ಮನೆಯ ಬಾಗಿಲಲ್ಲಿ ನಿಂತು ಅವನು ಮೂಗು ಮುಚ್ಚಿಕೊಂಡಿದ್ದನೋ ಅವರೆಲ್ಲ ಅಲ್ಲಿದ್ದರು, ಕಿವಿ ನಿಮಿರಿಸಿ ನಿಂತಿದ್ದರು. ಅವನ ತುಟಿಗಳು ಅಲುಗಿದವು. ಅವನು ಹೇಳಿಬಿಟ್ಟರೆ ತಾನು ಕೊಟ್ಟ ಮಾತು ಉಳಿಸಿಕೊಳ್ಳಬೇಕು, ಆ ಚೊಂಬು ಎಂದೆಂದಿಗೂ ಬೋರಲೇ ಉಳಿಯುತ್ತದೆ ಎಂದು ಓಬಳಮ್ಮನಿಗೆ ಗೊತ್ತಿತ್ತು.

“ನನ್ ಹುಳದ ಮನೇಲಿ,” ಎಂದ ವೆಂಕಟರವಣಪ್ಪ. “ನನ್ ಹುಳದ ಮನೇಲಿ ರೋಗ ಬಂದಿಲ್ಲ. ಬರೋದೂ ಇಲ್ಲ. ನಮ್ಮಪ್ಪನ ಕಾಲದಿಂದ್ಲೂ ಬಂದಿಲ್ಲ!”

“ಆಯ್ತು,” ಅಂದಳು ಓಬಳಮ್ಮ. “ಮತ್ತೆ ನನ್ ಮಗನೇ ಕೊಂದಿರ್ಬೇಕು. ಜಡ್ಜರಿಗೂ ಅದನ್ನೇ ಹೇಳು, ನಡಿ.”

ಅವಳು ಜನರನ್ನು ಸರಿಸಿಕೊಂಡು ಸನ್ನಿಧಿಯ ಮುಂದಕ್ಕೆ ಹೋದಳು. ಅಲ್ಲಿ ಕೈಮುಗಿದು ಒಂದೇ ಒಂದು ಬೇಡಿಕೊಂಡಳು. ನನ್ನ ಮನಸ್ಸು ಮೆತ್ತಗಾಗಲು ಬಿಡಬೇಡ ತಾತಯ್ಯ. ಬೇರೆ ಎಲ್ಲಾದರೂ ಮೆತ್ತಗೆ ಮಾಡು, ಇದೊಂದು ಕಡೆ ಬೇಡ. ಇಷ್ಟು ವರ್ಷ ಅಲ್ಲಿ ಏನೇನೋ ಬೇಡಿದ್ದಳು. ಇಂಥದ್ದನ್ನು ಬೇಡಿರಲಿಲ್ಲ. ಬೇಡಬಹುದೋ ಬಾರದೋ ಎಂಬ ಅಂಜಿಕೆಯೂ ಆಗದಿರಲಿಲ್ಲ.

ಬಸ್ಸಿನಲ್ಲಿ ಗಂಗಾಧರ ಅಂದ: “ಅವನು ಅಪ್ಪನ ಹೆಸರೇ ಎತ್ಲಿಲ್ಲ ಅಲ್ವೇನಮ್ಮ? ಅವನಿಗೆ ಅವನ ಹುಳದ್ದೇ ಚಿಂತೆ.” ಕಿಟಕಿಯಾಚೆ ನೋಡುತ್ತ, “ವಿಚಾರಣೆಗೆ ನಾನು ಬರ್ತೀನಿ,” ಅಂದ.

ವಿಚಾರಣೆ ನಡೆಯಿತು. ವೆಂಕಟರವಣಪ್ಪನ ವಕೀಲರು ಅದು ಗಾಬರಿಯಲ್ಲಿ ಆದ ಗ್ರಹಿಕೆಯ ತಪ್ಪು ಎಂದು ವಾದಿಸಿದರು. ನ್ಯಾಯಾಧೀಶರು ಒಪ್ಪಲಿಲ್ಲ. ತಟ್ಟೆಯಲ್ಲಿ ಸೊಪ್ಪಿಲ್ಲವೆಂದು ಬಲ್ಲವನೇ ಸೊಪ್ಪಿಗೆ ವಿಷ ಹಾಕಿದ್ದನ್ನು ಕಂಡೆ ಎಂದರೆ ಅದು ತಪ್ಪು ಗ್ರಹಿಕೆಯಲ್ಲ ಎಂದರು. ಅವನ ಮೇಲೂ ಅವನ ದಾಯಾದಿಯ ಮೇಲೂ ಸುಳ್ಳು ಆರೋಪ, ಸುಳ್ಳು ಸಾಕ್ಷ್ಯಗಳಿಗಾಗಿ ಮ್ಯಾಜಿಸ್ಟ್ರೇಟರಿಗೆ ನ್ಯಾಯಾಲಯವೇ ದೂರು ಕಳಿಸಬೇಕೆಂದು ಆದೇಶ ಬರೆಸಿದರು.

“ಅಮ್ಮಾ, ಇದು ಶುರು ಅಷ್ಟೆ,” ಎಂದು ಹರಿತಾ ಹೇಳಿದಳು. “ಶಿಕ್ಷೆ ಆಗೇ ಆಗುತ್ತೆ ಅಂತ ನಾನು ಹೇಳಲ್ಲ. ವರ್ಷಗಟ್ಟಲೆ ಎಳೀಬಹುದು.”

“ಎಳೀಲಿ ತಾಯಿ. ಅವನೂ ಬಸ್ಸಿಗೆ ಕಾಯ್ಲಿ.”

ಸಮನ್ಸು ಬಂದು ಮೊದಲ ಹಾಜರಿಯ ದಿನ ಮ್ಯಾಜಿಸ್ಟ್ರೇಟ್ ಕೋರ್ಟಿನ ಹೊರಗೆ ಓಬಳಮ್ಮ ಬೆಂಚಿನ ಮೇಲೆ ಕೂತಿದ್ದಳು. ಜವಾನ ಬಾಗಿಲಿಗೆ ಬಂದು ವೆಂಕಟರವಣಪ್ಪನ ಹೆಸರನ್ನು ಅವನ ಅಪ್ಪನ ಹೆಸರಿನ ಸಮೇತ ಕೂಗಿದ. ಇದೇ ದನಿಯಲ್ಲಿ, ಇದೇ ಬೇಸರದಲ್ಲಿ ಅವಳ ಮಗನ ಹೆಸರೂ ನರಸಪ್ಪನ ಹೆಸರೂ ಇಂಥ ಬಾಗಿಲಲ್ಲಿ ಎಷ್ಟೋ ಸಲ ಮೊಳಗಿದ್ದವು. ವೆಂಕಟರವಣಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ. ಓಬಳಮ್ಮ ಎದ್ದು ಬಾಗಿಲಲ್ಲಿ ನಿಂತು ನೋಡಿದಳು. ಅವನು ಕಟಕಟೆ ಹತ್ತಿ ಟವಲನ್ನು ಹೆಗಲಿಂದ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡ.

ಜಾಮೀನಿಗೆ ಯಾರಿದ್ದಾರೆ ಎಂದು ಕೇಳಿದರು. ಬರುತ್ತೇನೆ ಎಂದಿದ್ದ ಎರ್ರಪ್ಪನ ಸುಳಿವಿರಲಿಲ್ಲ. ಊಟದ ಬಿಡುವಿನವರೆಗೆ ಸಮಯ ಕೊಟ್ಟರು.

ಅಮ್ಮಾಜಮ್ಮ ಬಂದು ಬೆಂಚಿನ ತುದಿಯಲ್ಲಿ ಕೂತಳು. ಒಂದು ಕಾಲದಲ್ಲಿ ಇಬ್ಬರೂ ಸೊಪ್ಪು ಹಂಚಿಕೊಂಡವರು, ಬಾಣಂತನಗಳನ್ನು ಹಂಚಿಕೊಂಡವರು.

“ಓಬಳಕ್ಕ, ಊರೋರು ನಿನ್ ಮುಖ ನೋಡಿ ಹಿಂದೆ ಸರೀತಿದ್ದಾರೆ. ನೀನೊಂದು ಮಾತು ಹೇಳಿದ್ರೆ ಯಾರಾದ್ರೂ ನಿಲ್ತಾರೆ.”

“ನಿಲ್ಬೇಡಿ ಅಂತ ನಾನು ಯಾರಿಗೂ ಹೇಳಿಲ್ಲ ಅಮ್ಮಾಜಮ್ಮ. ನಿನ್ ಗಂಡ ಹೇಳಿದ್ದ, ನನ್ ಮಗನಿಗೆ ಯಾರೂ ನಿಲ್ಬೇಡಿ ಅಂತ. ನಾನು ಹೇಳಿಲ್ಲ.”

“ಹಂಗಾದ್ರೆ ನಿಲ್ಲಿ ಅನ್ನಕ್ಕ.”

“ಅದೂ ಹೇಳಲ್ಲ.”

ವೆಂಕಟರವಣಪ್ಪ ಹೊರಗೆ ಬಂದವನು ಹೆಂಡತಿ ಅಲ್ಲಿ ಕೂತದ್ದನ್ನು ಕಂಡು ಉರಿದುಬಿದ್ದ. “ಎದ್ದೇಳೇ! ಇವಳ ಹತ್ರ ಏನು ಬೇಡ್ತೀಯ?” ಓಬಳಮ್ಮನ ಕಡೆ ತಿರುಗಿ, ಕಾರಿಡಾರಿನಲ್ಲಿದ್ದವರೆಲ್ಲ ನೋಡುವಂತೆ, “ನನ್ನ ಇಲ್ಲಿ ನಿಲ್ಸಿ ಏನ್ ಸಿಕ್ತು ನಿನಗೆ? ನಿನ್ ಗಂಡ ವಾಪಸ್ ಬರ್ತಾನಾ?” ಎಂದ.

ಓಬಳಮ್ಮ ಕೂತಲ್ಲಿಂದ ಏಳಲಿಲ್ಲ. ದನಿಯನ್ನೂ ಏರಿಸಲಿಲ್ಲ.

“ಬರಲ್ಲ ಕಣೋ. ಬರೋ ಹಂಗಿದ್ರೆ ಅವತ್ತೇ ಹರಿವಾಣ ತಗೊಂಡಿರ್ತಿದ್ದೆ.”

ಬಿಡುವು ಮುಗಿಯುವ ಹೊತ್ತಿಗೆ ಎರ್ರಪ್ಪ ಏದುಸಿರು ಬಿಡುತ್ತ ಪಹಣಿ ಹಿಡಿದುಕೊಂಡು ಬಂದ. ಓಬಳಮ್ಮನತ್ತ ನೋಡದೆ ಒಳಗೆ ನುಸುಳಿದ. ಜಾಮೀನಾಯಿತು, ಮುಂದಿನ ದಿನಾಂಕ ಕೊಟ್ಟರು. ಊರಿಗೆ ಎಲ್ಲರೂ ಒಂದೇ ಬಸ್ಸಿನಲ್ಲಿ ಬಂದರು, ಬೇರೆ ಬಸ್ಸು ಇರಲಿಲ್ಲ. ನಿಲ್ದಾಣದಲ್ಲಿ ಇಳಿದ ವೆಂಕಟರವಣಪ್ಪ ನರಸಪ್ಪನ ತೋಟದ ಕಡೆ ಒಂದು ಹೆಜ್ಜೆ ಇಟ್ಟು, ನಿಂತು, ಕೆರೆ ಏರಿಯ ಸುತ್ತು ದಾರಿ ಹಿಡಿದ. ಅಮ್ಮಾಜಮ್ಮ ಅವನ ಹಿಂದೆ ಹೋದಳು.

ಮನೆಗೆ ಹೋಗಿ ಓಬಳಮ್ಮ ಕೈಕಾಲು ತೊಳೆದು ದೇವರಿಗೆ ದೀಪ ಹಚ್ಚಿದಳು. ಚೊಂಬನ್ನು ಎತ್ತಿ ನೀರು ತುಂಬಿ ಎರಡು ತುಳಸಿ ದಳ ಹಾಕಿ ಮಗನ ಕೈಗೆ ಕೊಟ್ಟಳು. ಇಬ್ಬರೂ ತೋಟದ ಅಂಚಿಗೆ ಹೋದರು. ಇನ್ನೂ ಬೆಳಕಿತ್ತು. ಗಂಗಾಧರ ಕೂತು ತಲೆಯ ಕಡೆಯ ಮಣ್ಣಿನ ಮೇಲೆ ನಿಧಾನವಾಗಿ ನೀರು ಬಿಟ್ಟ. ಒಣಗಿದ ಮಣ್ಣು ಅದನ್ನು ಬಿಟ್ಟಷ್ಟೂ ಕುಡಿಯಿತು.

ತನ್ನ ಎದೆಯ ಭಾರ ಇಳಿಯುತ್ತದೆಂದು ಓಬಳಮ್ಮ ಕಾದಳು. ಇಳಿಯಲಿಲ್ಲ.

“ಹತ್ತಿದ ಕಣಯ್ಯ ಕಟಕಟೆ,” ಎಂದು ಗಂಡನಿಗೆ ಹೇಳಿದಳು. “ಹುಳದ ವಿಷ್ಯ ಇನ್ನೂ ಬಾಯಿ ಬಿಟ್ಟಿಲ್ಲ. ಬಿಡ್ಲಿಲ್ಲ ಅಂದ್ರೆ ನಾನೂ ಬಿಡಲ್ಲ.”

ಖಾಲಿ ಚೊಂಬನ್ನು ಮಗನ ಕೈಯಿಂದ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಈ ಸಲ ಬೋರಲು ಹಾಕದೆ ಹಾಗೆಯೇ ಹಿಡಿದುಕೊಂಡು ಮನೆಯ ಕಡೆ ನಡೆದಳು.